ತಿದ್ದದೆ ಕೊಟ್ಟ ಫೋಟೋ

ಪಿಂಚಣಿಯ ಅರ್ಜಿಗೆಂದು ಕಳೆದ ಸೋಮವಾರ ಬೆಳಗಾವಿಯ ನಮ್ಮ ಓಣಿಯ ಕಂಪ್ಯೂಟರ್ ಅಂಗಡಿಯಲ್ಲಿ ಫೋಟೋ ತೆಗೆಸಿದೆ. ಐದು ನಿಮಿಷದಲ್ಲಿ ಎಂಟು ಪ್ರತಿ ಕೈಗೆ ಬಂದವು. ನೋಡದೆ ಯಾವ ಕಾಗದವನ್ನೂ ಚೀಲಕ್ಕೆ ಹಾಕುವವಳಲ್ಲ ನಾನು. ಮೂವತ್ತು ವರ್ಷ ನರ್ಸ್ ಆಗಿದ್ದ ಅಭ್ಯಾಸ. ಅಲ್ಲೇ ನಿಂತು ನೋಡಿದೆ. ಎಡಗೆನ್ನೆಯ ಸುಟ್ಟ ಕಲೆ ಮಾಯವಾಗಿತ್ತು. ಯಾರೂ ಕೇಳಿರಲಿಲ್ಲ, ಯಂತ್ರವೇ ಅಳಿಸಿತ್ತು. ಆ ನುಣ್ಣನೆಯ ಕೆನ್ನೆ ನೋಡುತ್ತಿದ್ದಂತೆ ಖಾನಾಪುರದ ಸ್ಟುಡಿಯೋ ಕಾಕಾ ನೆನಪಾದರು…

ನಮ್ಮ ತವರುಮನೆಯ ಓಣಿ ತಿರುಗಿದರೆ ಅವರ ಸ್ಟುಡಿಯೋ. ಒಂದು ಕುರ್ಚಿ, ಎರಡು ದೀಪ, ಗೋಡೆಗೆ ಒಂದು ಹಲಗೆ: ‘ಕೆಲಸ ಹಿಡಿಯುವುದು, ಬಿಡುವುದು ಮಾಲೀಕರ ಇಚ್ಛೆ.’ ಕೆಳಗೆ ಅದೇ ಮಾತು ಮರಾಠಿಯಲ್ಲಿ. ಆಗೆಲ್ಲ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖ ತಿದ್ದುತ್ತಿದ್ದರು. ಕಾಕಾ ಅದರಲ್ಲಿ ಪಳಗಿದ ಕೈ.

ನನಗೆ ಇಪ್ಪತ್ತೆರಡು. ಮನೆಯಲ್ಲಿ ಗಂಡು ನೋಡುತ್ತಿದ್ದರು, ಫೋಟೋ ಕಳಿಸಬೇಕಿತ್ತು. ಅಣ್ಣನ ಜೊತೆ ಹೋದೆ. ಕಲೆ ಅಳಿಸಿಕೊಡಿ ಎಂದು ಕೇಳಿದ್ದು ಅಣ್ಣನಲ್ಲ, ನಾನೇ.

“ಅದ ಆಗಾಂಗಿಲ್ಲ, ತಂಗಿ,” ಎಂದರು ಕಾಕಾ. “ನಾಳೆ ಹೋಗೂದನ್ನ ಇವತ್ತ ತಗೀತೀನಿ. ಸಾಯೂತನಕಾ ಇರೂದನ್ನ ತಗಿಯಾಂಗಿಲ್ಲ.”

ಅಣ್ಣನಿಗೆ ಸಿಟ್ಟು ಬಂತು. “ಏನ್ ಕಾಕಾ, ಫೋಟೋ ತಗೀತೀರೋ, ಕೋರ್ಟ್ ನಡಸ್ತೀರೋ? ಅಂಗಡಿ ತಗದ ಕುಂತ ಮ್ಯಾಲ ಗಿರಾಕಿ ಹೇಳಿದ್ದು ಮಾಡಬೇಕ್ರಿ.”

“ಬೋರ್ಡ್ ಓದಪಾ. ಮರಾಠಿ ಬೇಕಂದ್ರ ಕೆಳಗ ಐತಿ.”

“ಅಂದ್ರ ನಮ್ಮನ್ನ ಹೊರಗ ಹಾಕ್ತೀರಿ?”

“ನಿಮ್ಗ ಯಾರ್ ಬ್ಯಾಡಂದ್ರು? ಆ ಕೆಲಸ ಬ್ಯಾಡಂದೆ. ಕುಂದರ್ರಿ, ಚಾ ಬರತೈತಿ.”

ಅದು ಖರೆ. ಜಾತಿ ಕೇಳಿ ಬಾಗಿಲಲ್ಲೇ ನಿಲ್ಲಿಸುವ ಅಂಗಡಿಗಳನ್ನು ನಾನು ಕಂಡಿದ್ದೇನೆ. ಕಾಕಾ ಮಾತ್ರ ಜಾಂಬೋಟಿ ಕಡೆಯ ಗದ್ದೆಗಳಿಂದ ಕೆಸರುಗಾಲಲ್ಲೇ ಬಸ್ಸು ಹತ್ತಿ ಬಂದ ಹೆಂಗಸರನ್ನೂ ಅದೇ ಕುರ್ಚಿಯ ಮೇಲೆ ಕೂರಿಸುತ್ತಿದ್ದರು, ಆಮೇಲೆ ನೆಲ ತಾವೇ ಒರೆಸುತ್ತಿದ್ದರು.

ಅವತ್ತು ಫೋಟೋ ತೆಗೆದರು. ನಾನು ಕೆನ್ನೆ ಮರೆಮಾಡಲು ಹೋದರೆ, “ಮಾರಿ ತಿರುವಬ್ಯಾಡ, ಸೀದಾ ನೋಡು,” ಎಂದರು. ಆ ಫೋಟೋ ತರಲು ನಾನು ಹೋಗಲೇ ಇಲ್ಲ. ಬೆಳಗಾವಿಗೆ ಹೋಗಿ ಬೇರೊಂದು ಸ್ಟುಡಿಯೋದಲ್ಲಿ ಕಲೆ ಇಲ್ಲದ ಫೋಟೋ ಮಾಡಿಸಿದೆ. ಅದನ್ನೇ ಕಳಿಸಿದೆವು.

ಗಂಡಿನವರು ಬಂದರು. ಹುಡುಗನ ತಾಯಿ ಪರ್ಸಿನಿಂದ ಫೋಟೋ ತೆಗೆದು ನನ್ನ ಮುಖದ ಪಕ್ಕದಲ್ಲಿ ಹಿಡಿದರು. “ಇದು ಯಾರದ್ರಿ?” ಎಂದರು. ಅವಲಕ್ಕಿ ತಟ್ಟೆಯಲ್ಲೇ ಉಳಿಯಿತು. ಅವರು ಹೊರಟಾಗ ಅವ್ವ ಕೈಮುಗಿದುಕೊಂಡೇ ಗೇಟಿನ ತನಕ ಹೋದಳು. ತಪ್ಪು ನನ್ನದು, ಕೈ ಮುಗಿದದ್ದು ಅವಳು…

ಮರುವಾರ ಒಬ್ಬಳೇ ಸ್ಟುಡಿಯೋಗೆ ಹೋದೆ. ನಡೆದದ್ದು ಓಣಿಗೆಲ್ಲ ಗೊತ್ತಿತ್ತು, ಕಾಕಾಗೆ ಗೊತ್ತಿರದೆ ಇದ್ದೀತೇ? ನಾನು ಬಾಯಿ ತೆರೆಯುವ ಮೊದಲೇ ಅವರು ಡ್ರಾಯರ್ ಎಳೆದು ಲಕೋಟೆ ಕೊಟ್ಟರು.

“ಹಣಿ ಮ್ಯಾಲ ಒಂದು ಮೊಡವಿ ಇತ್ತು, ತಗದೀನಿ,” ಎಂದರು. ಅಷ್ಟೇ.

ಆ ಫೋಟೋ ನೋಡಿ ಬಂದವರು ಒಬ್ಬ ಶಾಲಾ ಮಾಸ್ತರರು. ಎರಡು ತಟ್ಟೆ ಅವಲಕ್ಕಿ ತಿಂದರು. ಅವರ ಕಣ್ಣು ನನ್ನ ಕೆನ್ನೆಯ ಮೇಲೆ ಒಮ್ಮೆಯೂ ತಡೆದು ನಿಲ್ಲಲಿಲ್ಲ. ಕಲೆಯ ಬಗ್ಗೆ ಏನೂ ಯಾಕೆ ಕೇಳಲಿಲ್ಲ ಎಂದು ಮದುವೆಯಾದ ಮೇಲೆ ಕೇಳಿದೆ. “ಫೋಟೋದಾಗ ನೋಡೇ ಬಂದಿದ್ನಲ್ಲ, ಮತ್ತೇನ್ ಕೇಳೂದು?” ಎಂದು ಪೇಪರ್ ಓದುವುದನ್ನು ಮುಂದುವರಿಸಿದರು. ಮೂವತ್ತಾರು ವರ್ಷ ಚೆನ್ನಾಗಿ ಬಾಳಿದೆವು.

ಕಾಕಾಗೆ ಇದನ್ನೆಲ್ಲ ಒಮ್ಮೆ ಹೇಳಬೇಕು ಎಂದುಕೊಂಡಿದ್ದೆ. ಸ್ನಾನ, ಊಟ, ಔಷಧ, ಎಲ್ಲಕ್ಕೂ ಹೊತ್ತು ಗೊತ್ತುಮಾಡಿ ಬದುಕಿದವಳು ಇದೊಂದಕ್ಕೆ ದಿನ ಗೊತ್ತುಮಾಡಲಿಲ್ಲ. ಕಡೆಗೆ ಹೋದಾಗ ಅವರು ತೀರಿಕೊಂಡು ವರ್ಷವಾಗಿತ್ತು. ಸ್ಟುಡಿಯೋ ಇದ್ದಲ್ಲಿ ಮೊಬೈಲ್ ಅಂಗಡಿ. ಆ ಹಲಗೆ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ…

ಸೋಮವಾರ ಆ ಎಂಟೂ ಪ್ರತಿಗಳನ್ನು ಮೇಜಿನ ಮೇಲೆ ವಾಪಸಿಟ್ಟೆ. “ಇವು ನಂಗ ಬ್ಯಾಡವಾ. ಕಲೆ ಇದ್ಹಂಗ ಇನ್ನೊಂದು ಫೋಟೋ ತಗದು ಕೊಡು.”

ಅಂಗಡಿ ನಡೆಸುವ ಹೆಣ್ಣುಮಗಳು ನಕ್ಕಳು. “ಅಜ್ಜಿ, ಎಲ್ಲಾರೂ ತಗೀ ಅಂತಾರ. ಇರ್ಲಿ ಅಂದವ್ರು ನೀವ ಒಬ್ರ ನೋಡ್ರಿ.”

ಮತ್ತೆ ಕೂತೆ. ಮುಖ ತಿರುಗಿಸಲಿಲ್ಲ, ಸೀದಾ ನೋಡಿದೆ. ಕಲೆ ಈಗ ಸುಕ್ಕುಗಳ ನಡುವೆ ಸೇರಿಹೋಗಿದೆ. ಗೊತ್ತಿದ್ದವರು ಹುಡುಕಿದರೆ ಮಾತ್ರ ಸಿಗುತ್ತದೆ. ಹೊಸ ಎಂಟರಲ್ಲಿ ಅರ್ಜಿಗೆ ಎರಡು ಪ್ರತಿ ಸಾಕಾದವು. ಉಳಿದ ಆರರಲ್ಲಿ ಒಂದನ್ನು ಖಾನಾಪುರಕ್ಕೆ ಒಯ್ದು ತೋರಿಸಬೇಕಿತ್ತು… ಅದನ್ನು ಕಾಕಾ ಅಂದು ಕೊಟ್ಟ ಲಕೋಟೆಯಲ್ಲೇ ಇಟ್ಟೆ.