ಬ್ರೇಕ್ ದೀಪವೂ ಹೆಂಡತಿಯ ಕಣ್ಣೂ

ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಪರರ ತಪ್ಪು ಹುಡುಕಿ ನಿವೃತ್ತರಾದ ಪ್ರೂಫ್‌ರೀಡರಿಗೆ ತಮ್ಮ ತಪ್ಪು ಹುಡುಕುವ ಕೆಲಸವನ್ನು ಯಾರೂ ವಹಿಸಿರಲಿಲ್ಲ. ತಾವಾಗಿ ಮೈಮೇಲೆ ಎಳೆದುಕೊಳ್ಳುವಷ್ಟು ದಡ್ಡರೂ ಅವರಲ್ಲ. ಅವರಷ್ಟೇ ಹಟಮಾರಿಯಾದ ಇಪ್ಪತ್ತಾರು ವರ್ಷದ ಕಾರೊಂದು ಮನೆಯಲ್ಲಿತ್ತು. ಅದನ್ನು ಮೆಕ್ಯಾನಿಕ್‌ಗೆ ತೋರಿಸಿ ಎಂದರೆ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದ ಮಗಳು ಭಾನುವಾರ ಅದೇ ಕಾರಿನಲ್ಲಿ ಊರಿಗೆ ಹೊರಡುವವಳಿದ್ದಳು. ಅದಕ್ಕೆ ಆರು ದಿನ ಮುಂಚೆ, ಸೋಮವಾರ, ಗೇಟು ತೆಗೆಯಲು ಹೋದ ಹೆಂಡತಿ, "ರೀ, ಬ್ರೇಕ್ ಒತ್ತಿದ್ರೆ ಹಿಂದೆ ದೀಪಾನೇ ಬರ್ತಿಲ್ಲ" ಎಂದರು.

ಪ್ರೂಫ್‌ರೀಡರು ಸ್ಟೀರಿಂಗ್ ಕೆಳಗಿನ ಫ್ಯೂಸ್ ಪೆಟ್ಟಿಗೆ ತೆರೆದರು. ಯಾವ ಫ್ಯೂಸ್ ಯಾವುದಕ್ಕೆಂದು ತೋರಿಸುವ ಚಿತ್ರಗಳು ಮುಚ್ಚಳದ ಒಳಗೆ ಅರ್ಧ ಅಳಿಸಿದ್ದವು. ಬ್ರೇಕಿನದೆಂದು ಒಂದನ್ನು ಚಿಮುಟದಿಂದ ಕಿತ್ತು ಬಿಸಿಲಿಗೆ ಹಿಡಿದರು. ಒಳಗಿನ ತಂತಿ ತುಂಡಾಗಿರಲಿಲ್ಲ.

"ಫ್ಯೂಸ್ ಕಲ್ಲುಗುಂಡಿನ ಹಾಗಿದೆ. ದೀಪ ಉರೀತಿದೆ. ಮಂಜಾಗಿರೋದು ನಿನ್ನ ಕಣ್ಣು."

ಹೆಂಡತಿ ಮೂರು ದಿನ ಕಾರಿನ ಹಿಂದೆ ನಿಂತು ಮೂರು ಸಲ "ಇಲ್ಲ" ಎಂದರು. ಮೂರು ಸಲವೂ ಅದೇ ಫ್ಯೂಸಿಗೆ ಬಿಸಿಲು ಕಾಯಿಸುವ ಭಾಗ್ಯ. ಶುಕ್ರವಾರ ಅವರು ಕಾರನ್ನು ರಿಪೇರಿಗೆ ಒಯ್ಯುವ ಬದಲು ಹೆಂಡತಿಯನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದರು, ಅದೂ ಅದೇ ಕಾರಿನಲ್ಲಿ. ಕಣ್ಣಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದಾಗ, "ಇನ್ನೂ ಎಳೇ ಹುಡುಗ, ಅನುಭವ ಸಾಲದು" ಎಂದು ಡಾಕ್ಟರನ್ನೂ ತಿದ್ದಿದರು.

ಭಾನುವಾರ ಬೆಳಿಗ್ಗೆ ಹೆಂಡತಿ ಬಂದವರೇ ಡ್ರೈವರ್ ಸೀಟಿನಲ್ಲಿ ಕುಳಿತುಬಿಟ್ಟರು.

"ಇದು ಸರಿಯಾಗೋವರೆಗೂ ಪಾಪು ಕಾರು ಹತ್ತಲ್ಲ. ನಿಮ್ಮ ಆ ಫ್ಯೂಸ್ ಕಿತ್ತು ಕೈಯಲ್ಲಿ ಹಿಡ್ಕೊಳ್ಳಿ."

ಗೊಣಗುತ್ತಲೇ ಕಿತ್ತರು. ಹೆಂಡತಿ ಒಂದೊಂದೇ ಗುಂಡಿ ಒತ್ತಿದರು. ಹಾರ್ನ್ ಕೂಗಿತು, ಮುಂದಿನ ದೀಪ ಹತ್ತಿತು. ವೈಪರ್ ಮಾತ್ರ ಅಲುಗಾಡಲಿಲ್ಲ.

"ನೋಡಿ, ನೀವು ವಾರದಿಂದ ಪರೀಕ್ಷೆ ಮಾಡ್ತಿರೋದು ವೈಪರ್‌ದು. ಮುಚ್ಚಳ ತಲೆಕೆಳಗೆ ಹಿಡ್ದಿದೀರಿ."

ಮುಚ್ಚಳ ತಿರುಗಿಸಿ ನೋಡಿದರೆ ಬ್ರೇಕಿನ ಫ್ಯೂಸ್ ಎದುರು ಮೂಲೆಯಲ್ಲಿತ್ತು, ತಂತಿ ಸುಟ್ಟು ತುಂಡಾಗಿ. ಅದರದೇ ಅಳತೆಯ ಹೊಸದನ್ನು ಹಾಕಿ ಪೆಡಲ್ ಒತ್ತಿದ್ದೇ ತಡ, ಹಿಂದಿನ ಗೋಡೆ ಕೆಂಪಾಯಿತು. ಪ್ರೂಫ್‌ರೀಡರು ಆಗಲೇ ಆ ಚಿತ್ರ ಬರೆದವನ ಜಾತಕ ಜಾಲಾಡಲು ಶುರುಮಾಡಿದ್ದರು.

"ಅಂದ್ರೆ ಬುಧವಾರಾನೂ ದೀಪ ಇರ್ಲಿಲ್ವಾ?" ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಮಗಳು ಕೇಳಿದಳು. "ನೀವು ಸರಿಯಾಗಿದೆ ಅಂದ್ರಲ್ಲ ಅಂತ ಪಾಪೂನ ಇಂಜೆಕ್ಷನ್‌ಗೆ ಕರ್ಕೊಂಡು ಹೋಗಿದ್ದೆ. ಸಿಗ್ನಲ್‌ನಲ್ಲಿ ಹಿಂದಿನಿಂದ ಒಂದು ಲಾರಿ ಗೇಣು ದೂರದಲ್ಲಿ ಬಂದು ನಿಲ್ತು. ಡ್ರೈವರ್ ಕುಡಿದಿದಾನೆ ಅಂದ್ಕೊಂಡೆ. ಪಾಪು ಹಿಂದಿನ ಸೀಟಲ್ಲಿತ್ತು, ಅಪ್ಪ."

ಪ್ರೂಫ್‌ರೀಡರು ಚಿತ್ರ ಬರೆದವನನ್ನು ಅಲ್ಲಿಗೇ ಬಿಟ್ಟರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಆಮೇಲೆ ಹೆಂಡತಿಯನ್ನು ಇಳಿಸಿ ತಾವೇ ಸೀಟಿನಲ್ಲಿ ಕುಳಿತು, ಪೆಡಲ್ ಮೇಲೆ ಕಾಲಿಟ್ಟರು.

"ಹಿಂದೆ ಹೋಗಿ ನೀನೇ ನೋಡ್ತೀಯಾ? ನೀನು ಹೇಳಿದ್ಮೇಲೆ ಪಾಪು ಹತ್ಲಿ."