ಅಕ್ಕ ಬಿಟ್ಟುಹೋದ ಸೆರಗು

ಅಕ್ಕ ಬಾಣಂತಿತನದಲ್ಲಿ ತೀರಿಕೊಂಡ ಮೇಲೆ ಅವಳ ಗಂಡನಿಗೇ ನನ್ನನ್ನು ಕೊಟ್ಟರು. ಕಮಲಾಪುರದ ತವರಿನಿಂದ ಕಲಬುರ್ಗಿಗೆ ಬಂಡಿ ಹತ್ತಿದಾಗ ಹೊಸದೆಂದು ನನಗೇನೂ ಇರಲಿಲ್ಲ. ಗಂಡ ಅವಳ ಗಂಡ, ತೊಟ್ಟಿಲಲ್ಲಿದ್ದ ಕೂಸು ಅವಳ ಕೂಸು, ಕೈಯ ಬಳೆ ಕೂಡ ಅವಳವೇ. ಸತ್ತ ಮೊದಲನೆಯವಳ ಹೆಸರಿನಲ್ಲಿ ಎರಡನೆಯವಳು ಬೆಳ್ಳಿಯ ತಗಡೊಂದನ್ನು ಕೊರಳಿಗೆ ಹಾಕಿಕೊಳ್ಳುವುದು ನಮ್ಮಲ್ಲಿಯ ರೂಢಿ. ಅದನ್ನೂ ಹಾಕಿಸಿಕೊಂಡೆ. ಬದುಕಿದ್ದಾಗ ತಲೆಯ ಮೇಲೆ ಕೂತವಳು ಸತ್ತ ಮೇಲೆ ಕೊರಳಿಗೆ ಬಂದಳು.

ಮನೆ ಕೋಟೆಯ ಹಿಂದೆ ಇತ್ತು. ನಿಜಾಮರ ಕಚೇರಿಯಲ್ಲಿ ದಿನವೆಲ್ಲ ಉರ್ದು ಬರೆಯುತ್ತಿದ್ದ ನಮ್ಮವರು ಮನೆಗೆ ಬಂದರೆ ಯಾವ ಭಾಷೆಯಲ್ಲೂ ಮಾತಾಡುತ್ತಿರಲಿಲ್ಲ. ಮಾತೆಲ್ಲ ಅತ್ತೆಯದೇ. ಒಂದು ದಿನ ಅವರು ಸಂದೂಕಿನಿಂದ ಕರಿ ಸೀರೆಯೊಂದನ್ನು ತೆಗೆದು ನನ್ನ ಮಡಿಲಿಗೆ ಹಾಕಿದರು. ಅದರ ಸೆರಗಿಗೆ ಅಕ್ಕ ಕಸೂತಿ ಹಾಕತೊಡಗಿ ಅರ್ಧಕ್ಕೇ ಬಿಟ್ಟಿದ್ದಳು.

"ಅರ್ಧಕ್ಕ ನಿಂತ ಕಸೂತಿ ಮನ್ಯಾಗ ಇಡಬಾರದು. ನೀನೇ ಮುಗಿಸು. ಮತ್ತ ನೋಡವ್ವ, ಸತ್ತಾಕಿ ಹಾಕಿದ್ದು ಒಂದು ಎಳಿನೂ ಬಿಚ್ಚಬ್ಯಾಡ" ಎಂದರು.

ಬಿಡಿಸಿ ನೋಡಿದೆ. ಆನೆಗಳ ಸಾಲು. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕಾದ ಕೆಲಸ ಇದು. ಅಕ್ಕನಿಗೆ ಎಣಿಸುವ ತಾಳ್ಮೆ ಎಂದಿತ್ತು? ಒಂದು ಆನೆಗೆ ಹಿಂಗಾಲು ಮೋಟು, ಇನ್ನೊಂದರ ಸೊಂಡಿಲು ಬಾಲದ ಹಾಗೆ. ಅದೂ ಪೂರ್ತಿಯಲ್ಲ. ಈ ಹೊಲಿಗೆಯಲ್ಲಿ ಒಂದು ಎಡೆ ಬಿಟ್ಟು ಒಂದು ಎಡೆ ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ವಾಪಸು ಬಂದು ಬಿಟ್ಟ ಎಡೆ ತುಂಬಬೇಕು. ಅಕ್ಕ ಹೋಗಿದ್ದಳು, ವಾಪಸು ಬಂದಿರಲಿಲ್ಲ. ಬಿಚ್ಚುವಂತಿಲ್ಲವಲ್ಲ, ಅವಳ ಸೊಟ್ಟ ಗೆರೆಯ ಮೇಲೆ ನಾನೂ ಸೊಟ್ಟಗೇ ಸೂಜಿ ಹಾಕಿದೆ. ಹಾಕುತ್ತ ಹಾಕುತ್ತ ಅವಳನ್ನು ಮನಸಾರೆ ಬೈದೆ.

ಆನೆಗಳು ಮುಗಿದ ಮೇಲೆ ಉಳಿದ ಬಟ್ಟೆ ಖಾಲಿ ಇತ್ತು. ಅದು ನನ್ನದು. ಸ್ಟೇಶನ್ ಬಜಾರದಿಂದ ಕೆಂಪು, ಹಸಿರು ರೇಷ್ಮೆ ತರಿಸಿಕೊಂಡು ಅಲ್ಲಿ ಗೋಪುರ ಎಬ್ಬಿಸಿದೆ. ಅಡುಗೆ ಮುಗಿಸಿ, ಕೂಸನ್ನು ಮಲಗಿಸಿ, ಮಧ್ಯಾಹ್ನದ ಬೆಳಕಿಗೆ ಕೂತು ಒಂದು ಎಳೆಯೂ ತಪ್ಪದಂತೆ ಹಾಕಿದೆ. ಎಷ್ಟೋ ತಿಂಗಳು ಹಿಡಿಯಿತು. ಆ ಮನೆಯಲ್ಲಿ ನಾನೇ ಹುಟ್ಟಿಸಿದ್ದು ಅಂತ ಇದ್ದದ್ದು ಅದೊಂದೇ.

ನೆರೆಯ ಹೆಂಗಸರು ಬಂದು ನೋಡಿದರು. ಗೋಪುರ ತೋರಿಸಿ "ದೊಡ್ಡಾಕಿ ಕೈ ಅಂದ್ರ ಕೈ ನೋಡ್ರಿ" ಎಂದು ಅತ್ತೆಗೆ ಹೇಳಿ ಹೋದರು. ಸತ್ತ ಎಮ್ಮೆಗೆ ಹಾಲು ಹೆಚ್ಚು ಎನ್ನುತ್ತಾರಲ್ಲ, ಹಾಗೆ. ಅತ್ತೆ ಎಲ್ಲ ಗೊತ್ತಿದ್ದೂ ತಲೆಯಾಡಿಸಿದರು. ನಾನು ಸೀರೆ ಮಡಚಿಟ್ಟೆ. ಕೈ ಗುರುತಿಸುವವಳು ಒಬ್ಬಳಿದ್ದಳು, ನಮ್ಮವ್ವ. ಇಬ್ಬರಿಗೂ ಸೂಜಿ ಹಿಡಿಯಲು ಕಲಿಸಿದವಳು ಅವಳೇ. 'ಇದು ನಿನ್ನ ಕೈ' ಎಂದು ಅವಳೊಬ್ಬಳು ಅಂದರೆ ಸಾಕು, ಉಳಿದವರು ಏನಾದರೂ ಅಂದುಕೊಳ್ಳಲಿ ಎಂದುಕೊಂಡೆ.

ಪಂಚಮಿಗೆ ಕಮಲಾಪುರಕ್ಕೆ ಹೋದಾಗ ಸೀರೆ ಒಯ್ದೆ. ಅರ್ಧ ಅಕ್ಕ ಹಾಕಿದ್ದು, ಅರ್ಧ ನಾನು ಹಾಕಿದ್ದು ಎಂದಷ್ಟೇ ಹೇಳಿದೆ, ಯಾವುದು ಯಾರದೆಂದು ಹೇಳಲಿಲ್ಲ. ಅವ್ವ ಕೆಂಬಾಳೆಯ ಗೊನೆ ಬದಿಗೆ ಸರಿಸಿ, ಪಡಸಾಲೆಯಲ್ಲಿ ಸೆರಗು ಹರವಿಕೊಂಡು ಕೂತಳು. ಅವಳ ಬೆರಳು ಗೋಪುರದ ಮೇಲೆ ಬಂದು ನಿಂತಿತು. ಕಣ್ಣು ತುಂಬಿದವು. ನಾನು ಹತ್ತಿರಕ್ಕೆ ಸರಿದು ಕೂತೆ.

"ಇದು ಆಕಿ ಕೈ. ಎಷ್ಟು ಛಂದ ಹಾಕ್ಯಾಳ ನೋಡು ನನ್ನ ಮಗಳು" ಎಂದಳು.

ಆಮೇಲೆ ಬೆರಳು ಆನೆಗಳ ಮೇಲೆ ಸರಿಯಿತು. ಅಳುವಿನಲ್ಲೇ ನಕ್ಕಳು. "ಇವು ನಿನ್ನವು, ಹೌದಿಲ್ಲೋ? ಇರಲಿ ಬಿಡವ್ವ. ಕೈ ಕುದರಲಾಕ ಇನ್ನಾ ದಿನಾ ಬೇಕು."

"ಹೌದವ್ವ, ನನ್ನವೇ" ಎಂದೆ.

ಹೆತ್ತವಳ ಸಮಾಧಾನಕ್ಕೆ ಹಾಗೆ ಹೇಳಿದೆ ಎಂದು ಯಾರಾದರೂ ತಿಳಿದರೆ ತಪ್ಪು. ಹೊಟ್ಟೆ ಉರಿದು ಹೇಳಿದೆ. ಹುಟ್ಟಿದಾಗಿನಿಂದ ಅವಳು ನನ್ನ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ ಎಂಬುದು ಅವತ್ತು ಗೊತ್ತಾಯಿತು. ಆಮೇಲೆ ನಾನು ತೋರಿಸಲೂ ಹೋಗಲಿಲ್ಲ.