ಅಗಸಿ ಅಗಸೆಯಾದದ್ದು

ಕೊಲ್ಹಾರದ ಅತ್ತೆಯ ಮನೆಯ ಪಡಸಾಲೆಯಲ್ಲಿ ಆವತ್ತು ಇದ್ದವರು ಮೂರೇ ಜನ. ಗೋಡೆಗೆ ಒರಗಿ ಕಾಲು ಚಾಚಿ ಕೂತ ಅತ್ತೆ, ಅಂದರೆ ನನ್ನ ತಂದೆಯ ತಂಗಿ. ಅವರ ಪಕ್ಕದಲ್ಲಿ ಮೊಬೈಲ್ ಹಿಡಿದ ಅವರ ಸೊಸೆ. ಎದುರಿಗೆ ಚಹದ ಕಪ್ಪು ಹಿಡಿದು ನಾನು.

"ತೋರಸ್ಪಾ, ನಿಮ್ಮ ಮಾಮಾನ ಮಾತು ಎಲ್ಲೈತಿ?" ಎಂದರು ಅತ್ತೆ.

ಸೊಸೆ ನನ್ನ ಹಳೆಯ ವೆಬ್‌ಸೈಟ್ ತೆರೆದಳು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ನಡುವೆ ತಲೆಯ ಮೇಲೆ ಚುಕ್ಕಿ ಹೊತ್ತ, ಬಾಲ ಬಿಟ್ಟ ವಿಚಿತ್ರ ಗುರುತುಗಳು.

"ಅಣ್ಣಾರ, ಇದು ಕನ್ನಡ ಅಲ್ರಿ."

"ಕನ್ನಡಾನ ಐತಿ ತಂಗಿ. ಹಳೀ ಫಾಂಟಿಂದು, ಮೊಬೈಲಿಗೆ ತಿಳಿಯಂಗಿಲ್ಲ."

ಅತ್ತೆ ಬಗ್ಗಿ ನೋಡಿದರು. "ನಿಮ್ಮ ಮಾಮಾ ಇಂಥಾ ಭಾಷಾ ಯಾವಾಗ ಕಲ್ತಿದ್ರೋ?"

ನಾವು ನಕ್ಕೆವು. ಅತ್ತೆ ನಗಲಿಲ್ಲ.

ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದ್ದ ಕಾಲದಲ್ಲಿ ಮಾಮಾ, ಅಂದರೆ ಅತ್ತೆಯ ಗಂಡ, ಸಂತೆಗೆ ಬಂದಾಗಲೆಲ್ಲ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿಹೋದ ಹಳೇ ಕೊಲ್ಹಾರವನ್ನು ಓಣಿ ಓಣಿಯಾಗಿ ಹೇಳುತ್ತಿದ್ದರು. ಯಾರ ಮನೆ ಎಲ್ಲಿತ್ತು, ಯಾರ ಬಾಗಿಲು ಗಿಡ್ಡ, ಯಾವ ಕಟ್ಟೆಯ ಮೇಲೆ ಯಾರು ಕೂತು ಯಾರನ್ನು ಕಾಡಿಸುತ್ತಿದ್ದರು, ಎಲ್ಲ. ನಾನು ಟೈಪು ಮಾಡುತ್ತಿದ್ದೆ. ಒಮ್ಮೆ 'ಮನಿ' ಎಂದದ್ದನ್ನು 'ಮನೆ' ಎಂದು ಹೊಡೆದದ್ದಕ್ಕೆ ತಲೆಗೆ ಮೊಟಕಿದ್ದರು. "ನಾ ಅಂದಂಗ ಬರಿ. ನೀ ಶಾಣ್ಯಾ ಆಗಬ್ಯಾಡ." ಹೀಗೆ ಏಳು ಓಣಿ ಆದವು. ಅದನ್ನೇ ಒಂದು ವೆಬ್‌ಸೈಟ್ ಮಾಡಿದೆ.

ಹೋದ ವರ್ಷ ಮಾಮಾ ತೀರಿಕೊಂಡರು. ಅವರ ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಅವರು ಮಾತಾಡಿದ ಹಾಗೆಯೇ ಉಳಿದದ್ದು ಎಂದರೆ ಆ ಏಳು ಓಣಿ. ಅದನ್ನು ಯಾರಾದರೂ ಓದಿ ಹೇಳಬೇಕು, ತಾನು ಕೇಳಬೇಕು ಎನ್ನುವುದೊಂದೇ ಅತ್ತೆಯ ಆಸೆ. ವೆಬ್‌ಸೈಟ್ ಇಟ್ಟುಕೊಂಡಿದ್ದ ಕಂಪನಿಯೋ, ಈ ತಿಂಗಳ ಕೊನೆಗೆ ಹಳೆಯದನ್ನೆಲ್ಲ ಮುಚ್ಚುತ್ತೇವೆ ಎಂದು ಪತ್ರ ಕಳಿಸಿತ್ತು.

"ಹೊಸಾದು ಕಟ್ಟಿ ಕೊಡ್ತೇನಿ ಅತ್ತಿ," ಎಂದು ಎದೆ ತಟ್ಟಿ ಹೇಳಿ ಬಂದೆ.

ಬಂದೆನೇನೋ ಸರಿ. ಆ ಕೆಲಸ ಬಿಟ್ಟು ಹನ್ನೆರಡು ವರ್ಷವಾಗಿತ್ತು, ಈಗ ನಾನು ಬೀಜ ಗೊಬ್ಬರ ಮಾರುವವ. ನನ್ನ ಕಾಲದಲ್ಲಿ ವೆಬ್‌ಸೈಟ್ ಎಂದರೆ ನೋಟ್‌ಪ್ಯಾಡಿನಲ್ಲಿ ಬರೆದ ನಾಲ್ಕು ಕಡತ. ಪುಟವನ್ನು ಹೊಲದ ಮಡಿಯ ಹಾಗೆ ಕೋಷ್ಟಕದಿಂದ ಭಾಗ ಮಾಡುವುದು, ಮೇಲೊಂದು ಓಡುವ ಸಾಲು ಹಾಕುವುದು, ಮುಗಿಯಿತು. ಈಗ ಪಾಠದ ವಿಡಿಯೊ ನೋಡಿದರೆ, ಮೊದಲು ಇದನ್ನು ಇಳಿಸಿಕೊಳ್ಳಿ, ಅದಕ್ಕೆ ಅದು ಬೇಕು, ಅದಕ್ಕೆ ಇನ್ನೊಂದು ಬೇಕು. ಕಪ್ಪು ಪರದೆಯ ಮೇಲೆ ಕೆಂಪು ಸಾಲುಗಳು ಸುರಿದವು. ಒಂದು ತಪ್ಪು ತಿದ್ದಿದರೆ ಎರಡು ಹುಟ್ಟಿದವು. 'ಇದು ನಿಮಗೆಲ್ಲ ಗೊತ್ತೇ ಇದೆ' ಎಂದು ವಿಡಿಯೊದವನು ಜಿಗಿದುಹೋದ ಜಾಗದಲ್ಲೇ ನಾನು ಪ್ರತಿ ಸಲ ಸಿಕ್ಕಿಬೀಳುತ್ತಿದ್ದೆ. ಮೂರು ವರ್ಷ ಹೂಡದಿದ್ದರೆ ಎತ್ತಿನ ಹೆಗಲು ನೊಗ ಮರೆಯುತ್ತದೆ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ನನ್ನವು ಹನ್ನೆರಡು.

ಸೊಸೆಗೆ ಫೋನು ಮಾಡಿ ಅತ್ತುಕೊಂಡೆ. "ಇಷ್ಟಕ್ಯಾಕ ಒದ್ದಾಡ್ತೀರಿ ಅಣ್ಣಾರ? ಎಐ ಐತಲ್ರಿ. ಕನ್ನಡದಾಗ ಹೇಳಿದ್ರೂ ತಿಳೀತೈತಿ," ಎಂದಳು.

ಹಳೆಯ ಕಡತಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಅದರ ಮುಂದಿಟ್ಟೆ. 'ಇದರ ಅಕ್ಷರ ಎಲ್ಲ ಸರಿ ಮಾಡಿ ಹೊಸ ವೆಬ್‌ಸೈಟ್ ಕಟ್ಟು' ಎಂದು ಬರೆದೆ. ಅದು ಇಂಗ್ಲಿಷಿನಲ್ಲಿ ಏನೇನೋ ಕೇಳಿತು. ಕೇಳಿದ್ದಕ್ಕೆಲ್ಲ ಹೂಂ ಎಂದು ಒತ್ತಿದೆ. ಬೇಡ ಎನ್ನಲು, ಬೇಡವಾದದ್ದು ಯಾವುದು ಎಂದಾದರೂ ತಿಳಿಯಬೇಕಲ್ಲ! ಅರ್ಧ ಗಂಟೆಯಲ್ಲಿ ಚಂದದ ಪುಟಗಳು ಎದ್ದು ನಿಂತವು, ದುಂಡಗಿನ ಕನ್ನಡದಲ್ಲಿ. ಖುಷಿಗೆ ಓದಲೂ ಇಲ್ಲ, ಮುಂದಿನ ವಾರವೇ ಕೊಲ್ಹಾರಕ್ಕೆ ಹೋದೆ.

ಅತ್ತೆ ಸೆರಗು ಸರಿಮಾಡಿಕೊಂಡು ಕೂತರು. ಸೊಸೆ ಮೊದಲ ಸಾಲು ಓದಿದಳು: "ಅಗಸೆಯ ಒಳಗೆ ಪ್ರವೇಶಿಸಿದರೆ ಎಡಭಾಗದಲ್ಲಿ ಮೊದಲನೆಯದು ಪಿಂಜಾರರ ಮನೆ."

"ಏನಂದಿ? ಅಗಸೆ?"

"ಹಂಗ ಐತ್ರಿ ಅತ್ತಿ."

"ಊರ ಅಗಸಿ ದಾಟಿ ಬರಬೇಕೊ, ಅಗಸಿ ಚಟ್ನ್ಯಾಗ ಇಳಿದು ಬರಬೇಕೊ?"

ನಮ್ಮಲ್ಲಿ ಊರಿನ ಹೆಬ್ಬಾಗಿಲೂ ಅಗಸಿ, ಚಟ್ನಿಪುಡಿಗೆ ಹುರಿಯುವ ಕಾಳೂ ಅಗಸಿ. ಮನಿ ಎಂದದ್ದು ಮನೆಯಾಗುವುದಾದರೆ ಅಗಸಿ ಎಂದದ್ದು ಅಗಸೆ ಎಂದು ಆ ಯಂತ್ರ ಲೆಕ್ಕ ಹಾಕಿತ್ತು. ಅಕ್ಷರ ಸರಿಮಾಡು ಎಂದಿದ್ದೆ, ಅದು ಮಾಮಾನ ಮಾತನ್ನೇ ಸರಿಮಾಡಿತ್ತು. ಐತಿ ಹೋಗಿ ಇದೆ, ಸಾಲಿ ಹೋಗಿ ಶಾಲೆ. ಏಳೂ ಓಣಿಯಲ್ಲಿ ಒಂದು ಕಡೆಯೂ ಅವರಿರಲಿಲ್ಲ.

"ಇವ್ರ್ಯಾರೋ ಬ್ಯಾರೇದವ್ರು ಮಾತಾಡಾಕತ್ತಾರ. ನಿಲ್ಲಸವಾ," ಎಂದರು ಅತ್ತೆ.

ಬಾಗೇವಾಡಿಗೆ ಓಡಿ ಬಂದು ಹಳೆಯ ಕಡತ ತೆರೆದೆ. ಆ ಯಂತ್ರ ಹೊಸದನ್ನು ಹಳೆಯದರ ಮೇಲೆಯೇ ಬರೆದಿತ್ತು. ಬೇರೆ ಪ್ರತಿ ಇಟ್ಟುಕೊಳ್ಳಲು ನನಗೆ ಹೊಳೆದಿರಲಿಲ್ಲ. ಕಂಪನಿಯವರಿಗೆ ಫೋನು ಮಾಡಿದರೆ, ಮುಚ್ಚಿ ನಾಲ್ಕು ದಿನವಾಯಿತು ಎಂದರು. ಹಳೆಯ ವೆಬ್‌ಸೈಟುಗಳನ್ನು ಕೂಡಿಡುವ ತಾಣವೊಂದಿದೆ ಎಂದು ಯಾರೋ ಹೇಳಿದರು. ಅಲ್ಲಿ ಮುಖಪುಟವೊಂದೇ ಸಿಕ್ಕಿತು, ಮೇಲೆ ನಾನು ಹಾಕಿದ ಓಡುವ ಸಾಲು ಓಡುತ್ತಲೇ ಇತ್ತು. ಮೊದಲಿದ್ದ ಹಾಗೆ ಮಾಡಿಕೊಡು ಎಂದು ಆ ಯಂತ್ರವನ್ನೇ ಕೇಳಿದೆ. ಅದು ಕ್ಷಮೆ ಕೇಳಿ, ಐತಿ ಗೀತಿ ಸೇರಿಸಿ ಬರೆದುಕೊಟ್ಟಿತು. ಓದಿದರೆ ಯಾರೋ ನಮ್ಮನ್ನು ಅಣಕಿಸಿದ ಹಾಗಿತ್ತು. ಅಳಿಸಿದೆ. ಅತ್ತೆಗೆ ಏನು ಹೇಳಬೇಕೋ ತಿಳಿಯದೆ ಎಂಟು ದಿನ ಅವರ ಫೋನು ಎತ್ತಲಿಲ್ಲ.

ಒಂಬತ್ತನೆಯ ದಿನ ಅತ್ತೆ ಬಸ್ಸಿಗೆ ಬಂದು ಅಂಗಡಿಯ ಮುಂದೆ ಇಳಿದರು. ಗೊಬ್ಬರದ ಚೀಲದ ಮೇಲೆ ಕೂತು ನನ್ನಿಂದ ನಡೆದದ್ದನ್ನೆಲ್ಲ ಕೇಳಿ, "ಓದು. ಅವ್ರು ಹೆಂಗಂತಿದ್ರು ನಾ ಹೇಳ್ತೇನಿ," ಎಂದರು. ನಾನು ಒಂದೊಂದೇ ಸಾಲು ಓದಿದೆ, ಅವರು ಕಣ್ಣು ಮುಚ್ಚಿ ತಿರುಗಿ ಹೇಳಿದರು, ನಾನು ಅಂದಂತೆಯೇ ಟೈಪು ಮಾಡಿದೆ. ಮೂರು ದಿನ ನಮ್ಮ ಮನೆಯಲ್ಲೇ ಉಳಿದರು, ಐದು ಓಣಿ ಆದವು. ಆರನೆಯದು ಗರಡಿಮನೆಯ ಓಣಿ, ಏಳನೆಯದು ಅದರ ಹಿಂದಿನದು.

"ಅತ್ತಾಗ ನಾವು ಹೆಣ್ಮಕ್ಕಳು ಕಾಲಿಟ್ಟಿಲ್ಲಪಾ. ಅಲ್ಲಿ ಮಾತು ಅವ್ರಿಗೇ ಗೊತ್ತು."

ಆ ಎರಡು ಪುಟ ತೆಗೆದುಹಾಕಿದೆ. ಐದು ಓಣಿಯ ವೆಬ್‌ಸೈಟ್ ಮುಂದಿನ ತಿಂಗಳು ತೆರೆದುಕೊಂಡಿತು. ಅದನ್ನು ಸೊಸೆ ಪಡಸಾಲೆಯಲ್ಲಿ ಕೂತು ಅತ್ತೆಗೆ ಎರಡು ಸಲ ಓದಿ ಹೇಳಿದಳಂತೆ.